ಮೊದಲರ್ಧ

ಕೊನೆಯ ವ್ಯಾನು ಸಂಜೆ ಆರಕ್ಕೇ ಹೊರಟುಬಿಡುತ್ತದಂತೆ
ತ್ಬಿಲಿಸಿಯಿಂದ ನಮ್ಮ ತೆಲಾವಿಗೆ.
ಸಂಗೀತ ಶುರುವಾಗುವುದೇ ಏಳೂವರೆಗೆ.
ಅಂದಮೇಲೆ ರಾತ್ರಿ ಅಲ್ಲೇ ಉಳಿಯಬೇಕು ಎಂದೆ.
ನುಗ್ಜಾರ್ ಹಿಟ್ಟು ನಾದುತ್ತಲೇ ಕೇಳಿದ:
'ಉಳಿದು?'

ಇಪ್ಪತ್ತಾರು ವರ್ಷದಿಂದ ನಮಗೆ ಬೆಳಗಾಗುವುದು
ರಾತ್ರಿ ಎರಡಕ್ಕೆ.
ಊರು ಮಗ್ಗುಲು ಬದಲಿಸುವ ಹೊತ್ತಿಗೆ ನಾವು
ಒಲೆಯ ಬಾಯಿಗೆ ಬಗ್ಗಿ
ಮಣ್ಣಿನ ಬಿಸಿ ಗೋಡೆಗೆ ರೊಟ್ಟಿ ಬಡಿಯುತ್ತಿರುತ್ತೇವೆ.
ಅವನಿಗೆ ಮೊಣಕೈ ತನಕ ರೋಮವಿಲ್ಲ,
ನನಗೆ ಎಡ ಹುಬ್ಬು ಅರ್ಧವೇ.
ಸಂಜೆ ಏಳೂವರೆ ಎಂದರೆ ನಮ್ಮ ಮನೆಯಲ್ಲಿ
ಗೊರಕೆಯ ಹೊತ್ತು.

ಆದರೂ ಹೋಗಲೇಬೇಕು.
ಹಿಟ್ಟು ಕುಡಿದು ಬೆಳ್ಳಗಾದ ನಮ್ಮ ರೇಡಿಯೊ
ಗುರುವಾರ ರಾತ್ರಿ ಹಳೆಯ ಟೇಪೊಂದನ್ನೇ ಹಾಡುತ್ತದೆ, ಹನ್ನೊಂದು ವರ್ಷದಿಂದ.
ನಿಲಯದಲ್ಲಿ ರಾತ್ರಿಪಾಳಿಯವನು ಸೋಮಾರಿ ಇರಬೇಕು,
ದೇವರು ಅವನನ್ನು ಚೆನ್ನಾಗಿಟ್ಟಿರಲಿ.
ನಾವು ಬೀಗ ತೆಗೆದು ಗುಂಡಿ ತಿರುಗಿಸುವಾಗ
ಅದು ಆಗಲೇ ಅರ್ಧ ದಾರಿ ನಡೆದಿರುತ್ತದೆ.
ಹೆಸರು ಹೇಳುವುದು ಮೊದಲಿಗೆ; ನಮಗೆ ಹೆಸರೂ ಗೊತ್ತಿರಲಿಲ್ಲ.
ಗೊತ್ತಿದ್ದದ್ದು ಇಷ್ಟೆ:
ಪಿಟೀಲುಗಳೆಲ್ಲ ಒಟ್ಟಿಗೆ ಉಸಿರು ಹಿಡಿದಾಗ
ರೊಟ್ಟಿಯ ಅಂಚು ಕೆಂಪಗಾಗಿರುತ್ತದೆ,
ನಗಾರಿ ಮೂರು ಸಲ ಗುಡುಗಿದರೆ
ಕೊಕ್ಕೆ ಹಾಕಿ ಕೀಳಬೇಕು.
ಒಮ್ಮೆ ಕರೆಂಟು ಹೋಗಿ ರೇಡಿಯೊ ಸತ್ತ ರಾತ್ರಿ
ನಲವತ್ತು ರೊಟ್ಟಿ ಕರಿಕಲಾದವು.

ಸಂಗೀತಶಾಲೆಯ ಬೊಂದೊ ಮೇಷ್ಟ್ರು ರೊಟ್ಟಿಗೆ ಬಂದಾಗ
ಧೈರ್ಯ ಮಾಡಿ ಗುನುಗಿ ತೋರಿಸಿದೆ.
ನನ್ನ ಗಂಟಲಲ್ಲಿ ಅಷ್ಟು ದೊಡ್ಡ ಆರ್ಕೆಸ್ಟ್ರಾ
ನೆಗಡಿ ಹಿಡಿದ ಕೋಳಿಯಾಯಿತು.
ಆದರೂ ಗುರುತು ಹಿಡಿದರು,
ರೊಟ್ಟಿ ಸುತ್ತಿದ ಕಾಗದದ ಮೂಲೆ ಹರಿದು ಹೆಸರು ಬರೆದುಕೊಟ್ಟರು.
ಬರುವ ತಿಂಗಳು ಹದಿನೇಳಕ್ಕೆ ತ್ಬಿಲಿಸಿಯಲ್ಲಿ ಅದನ್ನೇ ನುಡಿಸುತ್ತಾರಂತೆ.
ಮೊದಲಿನಿಂದ.

ಹಿಟ್ಟಿನ ಮೂಟೆಯ ಚೀಟಿಯ ಹಿಂದೆ ಬರೆದಿದ್ದೇವೆ:
ಹತ್ತಕ್ಕೆ ರೊಟ್ಟಿ ಮುಗಿಸಿ ಹನ್ನೊಂದರ ವ್ಯಾನು.
ಗೊಂಬೊರಿ ಘಟ್ಟದ ತಿರುವಿಗೆ ಅವನಿಗೆ ವಾಂತಿ, ನಿಂಬೆಹಣ್ಣು ಒಂದು.
ಲಾಮಾರಾ ಎಂಬಾಕೆಯ ಹಿತ್ತಿಲ ಕೋಣೆ, ಸಭಾಂಗಣಕ್ಕೆ ನಡೆಯುವ ದೂರ,
ಬಿಸಿನೀರು ಸೇರಿ ಒಂದು ದಿನದ ರೊಟ್ಟಿಯ ದುಡ್ಡು.
ಎರಡರಿಂದ ಆರರವರೆಗೆ ಪರದೆ ಎಳೆದು ನಿದ್ದೆ, ಬರಲಿ ಬಾರದಿರಲಿ.
ಹಿಟ್ಟು ಮೆತ್ತದ ಶೂ ಒಂದು ಜೊತೆ ಎಲ್ಲಾದರೂ ಹುಡುಕಬೇಕು.
ಬಾಗಿಲಿಗೆ: 'ನಾಳೆ ರೊಟ್ಟಿ ಇಲ್ಲ.'
ಕಾರಣ ಬರೆಯದಿದ್ದರೆ ಯಾರೋ ಸತ್ತರೆಂದು
ಹೂ ಹಿಡಿದು ಬಂದುಬಿಡುತ್ತಾರೆ ಎಂದ.
ಸಂಗೀತಕ್ಕೆ ಎಂದು ಬರೆದರೆ ನಗುತ್ತಾರೆ ಎಂದೆ.
ಕೊನೆಗೆ 'ಒಲೆ ರಿಪೇರಿ' ಎಂದು ತೀರ್ಮಾನವಾಯಿತು.

ಆಮೇಲೆ ಅವನು ನಾದುವುದನ್ನು ನಿಲ್ಲಿಸಿದ.
'ಮೆತ್ತನೆ ಕುರ್ಚಿ, ಕತ್ತಲೆ ಬೇರೆ.
ನಿದ್ದೆ ಹೋದರೆ, ತ್ಸಿಯಾಲಾ?
ಅಷ್ಟು ಜನರ ನಡುವೆ ನಾನು ಗೊರಕೆ ಹೊಡೆದರೆ?'

ಹೊಡಿ ಎಂದೆ.
ಮೊದಲರ್ಧ ಮಾತ್ರ ಎಚ್ಚರವಿರು.
ಅದು ಎಲ್ಲಿಂದ ಹೊರಟಿತು,
ನಮ್ಮ ಅಂಗಡಿಗೆ ಬರುವ ಮೊದಲು
ಅಷ್ಟು ದುಃಖ ಅದಕ್ಕೆ ಎಲ್ಲಿ ಸಿಕ್ಕಿತು,
ಅಷ್ಟು ತಿಳಿದರೆ ಸಾಕು ನನಗೆ.
ಉಳಿದದ್ದು ನಿನ್ನ ಕೈಗೆ ಗೊತ್ತು.
ನೀನು ಮಲಗಿದ್ದರೂ ನಗಾರಿ ಗುಡುಗಿದಾಗ
ನಿನ್ನ ಬಲಗೈ ತಾನೇ ಎದ್ದು
ಕತ್ತಲಲ್ಲಿ ಕೊಕ್ಕೆ ಹುಡುಕುತ್ತದೆ ನೋಡು,
ನಾನು ಹಿಡಿದುಕೊಳ್ಳುತ್ತೇನೆ.

ರಾತ್ರಿ ಎರಡಕ್ಕೆ ಹೇಗೂ ಎಚ್ಚರವಾಗುತ್ತದಲ್ಲ,
ಆಗೇನು ಮಾಡುವುದು ಎಂದ.
ನಾದಲು ಹಿಟ್ಟಿಲ್ಲದ ಎರಡು ಗಂಟೆ
ನಾವಿಬ್ಬರೂ ಕಂಡದ್ದೇ ಇಲ್ಲ.
ತುಂಬ ಹೊತ್ತು ಯೋಚಿಸಿ, ಪೆನ್ಸಿಲ್ಲು ನಾಲಿಗೆಗೆ ತಾಗಿಸಿ
ಚೀಟಿಯ ಕೊನೆಗೆ ಅವನೇ ಬರೆದ:
ಯಾರದಾದರೂ ಅಂಗಡಿ ಹುಡುಕಿ ಬಿಸಿ ರೊಟ್ಟಿ ಕೊಳ್ಳುವುದು.
ಬೀದಿಯಲ್ಲಿ ನಿಂತು ತಿನ್ನುವುದು.
ಅಷ್ಟೇನೂ ಚೆನ್ನಾಗಿಲ್ಲ ಎನ್ನುವುದು.